ಬಾಗಿಲಿಗೆ ತೂಗುವ ಬಿಲ್ಲೆ

ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ!

ಅವಳು ಭುಜ ಕೊಟ್ಟು ಮತ್ತೆ ನೂಕಿದಳು. ಕಡಲಂಚಿನ ಕಾಡಿನಲ್ಲಿ ಸಾಲಾಗಿ ನಿಂತ, ಅತಿಥಿಗಳು ತಂಗುವ ಪುಟ್ಟ ಮರದ ಕೋಣೆಗಳಾದ ಪಾಡ್‌ಗಳಲ್ಲಿ ಇದು ನಾಲ್ಕನೆಯದು. ಒಂದು ಮಂಚ, ಒಂದು ಸ್ಟೋವ್, ತಲೆ ತೂರದಷ್ಟು ಪುಟ್ಟ ಕಿಟಕಿ. ಸಮುದ್ರದ ತೇವಕ್ಕೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು.

ಅತ್ತ ಊಟದ ಹಾಲ್‌ನಲ್ಲಿ ಎರಡೂ ಮನೆಯವರು ಕಾಯುತ್ತಿದ್ದರು. ಈ ಜಾಗ ಹುಡುಗನ ಕಡೆಯವರ ಆಯ್ಕೆ. ಹನ್ನೊಂದಕ್ಕೆ ಅವಳು ‘ಹೂಂ’ ಅಂದರೆ ಮದುವೆ ನಿಶ್ಚಯ. ಹುಡುಗ ಒಳ್ಳೆಯವನು... ಅದೇ ಕಷ್ಟ! ಬೇಡ ಅನ್ನಲು ಒಂದು ನೆಪವೂ ಇರಲಿಲ್ಲ.

"ಒಳಗಿರೋರು ಹಿಂದೆ ಸರೀರಿ. ಸ್ಕ್ರೂ ಬಿಚ್ತೀನಿ."

ಹೊರಗಿನಿಂದ ಬಂದ ಆ ದನಿ! ಅವಳು ನೂಕುವುದನ್ನು ಬಿಟ್ಟು ಬಾಗಿಲಿಗೆ ಕಿವಿಗೊಟ್ಟಳು.

ಈ ಪಾಡ್‌ಗಳನ್ನು ಕಟ್ಟಿದ ಬಡಗಿ. ಎರಡು ವರ್ಷದ ಹಿಂದೆ ಅವಳು ಇಲ್ಲಿ ತಿಂಗಳಿದ್ದಾಗ, ದಿನಾ ಸೌದೆ ತಂದಿಡುತ್ತಲೇ ಮನಸ್ಸು ಕದ್ದವನು. ಹೊರಡುವ ಹಿಂದಿನ ದಿನ ಬಾಗಿಲಿಗೆ ತೂಗುವ ಮರದ ಬಿಲ್ಲೆ ತೋರಿಸಿದ್ದ. ಹಸಿರು ಬದಿ ಅಂದರೆ ಗುಡಿಸಲು ಬನ್ನಿ, ಕೆಂಪು ಅಂದರೆ ಬೇಡ. "ಇಷ್ಟ ಇದ್ರೆ ಬೆಳಿಗ್ಗೆ ಹಸಿರು ಮಾಡಿಡಿ. ನಿಮ್ ಜೊತೆನೇ ಬಂದು ಮನೆಯವರ ಹತ್ರ ಮಾತಾಡ್ತೀನಿ."

ಅವಳು ಹಸಿರು ಮಾಡಿದ್ದಳು. ಅವನು ಬರಲೇ ಇಲ್ಲ! ಅಳುತ್ತಾ ಹೊರಟಾಗ ಬಿಲ್ಲೆಯತ್ತ ತಿರುಗಿಯೂ ನೋಡಿರಲಿಲ್ಲ.

"ಆವತ್ತು ಯಾಕೆ ಬರ್ಲಿಲ್ಲ?" ಅವಳು ಒಳಗಿನಿಂದಲೇ ಕೇಳಿದಳು.

ಹೊರಗೆ ಸ್ಕ್ರೂಡ್ರೈವರ್ ನಿಂತಿತು.

"...ನೀವಾ? ಎಂಟಕ್ಕೆ ಬಂದಿದ್ದೆ. ಕೆಂಪಿತ್ತು."

"ಸುಳ್ಳು! ಎದ್ದ ತಕ್ಷಣ ಹಸಿರು ಮಾಡಿದ್ದೆ. ಗುಡಿಸೋ ಅಕ್ಕನೂ ನೋಡಿದ್ರು. ಅವರಿಗೆ ಬಸ್ಸಿದೆ ಅಂತ ಆವತ್ತು ಏಳಕ್ಕೇ ಗುಡಿಸೋಕೆ ಬಂದಿದ್ರು."

"ಏಳಕ್ಕಾ? ದಿನಾ ಹತ್ತಕ್ಕಲ್ವಾ ಬರೋದು!" ಅವನು ತಡವರಿಸಿದ. "ಗುಡಿಸಿ ಆದ್ಮೇಲೆ ಬಿಲ್ಲೆ ಕೆಂಪು ಮಾಡಿ ಹೋಗ್ಬೇಕು ಅನ್ನೋದು ಇಲ್ಲಿ ರೂಲು... ಆ ರೂಲು ಮಾಡಿದ್ದೇ ನಾನು."

ಅವಳಿಗೆ ಅಳು, ನಗು ಒಟ್ಟಿಗೇ ಬಂದವು. ಎರಡು ವರ್ಷ! ಒಂದು ಮಾತು ಕೇಳದೆ, ಇಬ್ಬರೂ ಒಂದು ಮರದ ತುಂಡನ್ನು ನಂಬಿ ಕೂತಿದ್ದರು.

"ಬೇಗ ಬಿಚ್ಚಪ್ಪಾ, ಹನ್ನೊಂದಾಯ್ತು!" ದೂರದಿಂದ ಅಮ್ಮ ಕೂಗಿದರು.

"ಒಂದೇ ಸ್ಕ್ರೂ ಉಳಿದಿದೆ," ಅವನು ಮೆಲ್ಲಗೆ ಹೇಳಿದ. "ತೆಗೆದ್ರೆ ನೀವು ಅಲ್ಲಿಗೆ ಹೋಗ್ತೀರಾ... ತೆಗೀಲಾ?"

"ತೆಗೀರಿ."

ಬಾಗಿಲು ಕಳಚಿ ಬಂತು. ಅಮ್ಮ ಓಡಿಬಂದು ಕೈ ಹಿಡಿದರು. "ಬಾರೇ, ಎಲ್ಲರೂ ಕಾಯ್ತಿದ್ದಾರೆ!"

"ಬರ್ತೀನಮ್ಮ. ಬೇಡ ಅಂತ ಆ ಹುಡುಗನಿಗೆ ನಾನೇ ಹೇಳ್ಬೇಕು."

ಅಮ್ಮ ಹಿಡಿದಿದ್ದ ಕೈ ಬಿಟ್ಟರು. ಅವಳು ಬಿಲ್ಲೆಯನ್ನು ಬಿಚ್ಚಿ, ಹಸಿರು ಬದಿ ಮೇಲೆ ಮಾಡಿ ಅವನ ಅಂಗೈಯಲ್ಲಿಟ್ಟಳು.

"ಈ ಸಲ ಕೈಗೇ ಕೊಡ್ತಿದ್ದೀನಿ."

ಅವನು ಅದನ್ನು ಅಂಗಿಯ ಜೇಬಿಗಿಳಿಸಿ ಮೇಲೆ ಕೈಯಿಟ್ಟುಕೊಂಡ. ಕಣ್ಣು ತುಂಬಿತ್ತು.

"ಗುಡಿಸೋ ಅಕ್ಕನ ಕೈಗೆ ಸಿಗದ ಹಾಗೆ ಇಟ್ಕೋತೀನಿ."