ಜಗುಲಿ ಮೇಲಿನ ವೈಫೈ

ಸಿದ್ಧಾರ್ಥ್ ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವಾಗಲೇ ಯಾಮಿನಿಗೆ ಗೊತ್ತಾಯಿತು, ಇವತ್ತು ಇವನ ಮುಖ ಸರಿಯಿಲ್ಲ. ಬೇರೆ ದಿನವಾಗಿದ್ದರೆ ಗೇಟಿನಿಂದಲೇ, "ಏನ್ ಟೀಚರಮ್ಮಾ, ಮತ್ತೆ ಸ್ಲೋನಾ?" ಎಂದು ನಗುತ್ತಾ ಬರುತ್ತಿದ್ದ. ಆ ನಗು ತುಟಿಗೆ ಬರುವ ಮೊದಲು ಕಣ್ಣಿಗೆ ಬರುತ್ತಿತ್ತು.

"ಮೇಡಂ, ಹೊಸ ರೂಟರ್ ಎಲ್ಲಿದೆ?" ಎಂದ.

ಮೇಡಂ! ಇಷ್ಟು ದಿನ ಟೀಚರಮ್ಮ ಎನ್ನುತ್ತಿದ್ದವನು.

ನಂದಿ ಗ್ರಾಮದ ಸುತ್ತಮುತ್ತ ಫೈಬರ್ ಇಂಟರ್ನೆಟ್ ಕೆಟ್ಟರೆ ಬರುವವನು ಸಿದ್ಧಾರ್ಥ್. ದ್ರಾಕ್ಷಿ ಬೆಳೆಯುವ ನರಸಿಂಹಪ್ಪನವರ ಮನೆಗೆ ಅವನು ಬಂದಷ್ಟು ಸಲ ಬೇರೆ ಯಾರ ಮನೆಗೂ ಬಂದಿರಲಿಲ್ಲ. ನರಸಿಂಹಪ್ಪನವರ ಮಗಳು ಯಾಮಿನಿ ಮಹಡಿಯ ರೂಮಿನಲ್ಲಿ ಕುಳಿತು ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತಾಳೆ. ಕಂಪನಿಯ ವೈಫೈ ಬಾಕ್ಸ್ ಇರುವುದು ಕೆಳಗೆ, ಮನೆಯ ಹೊರಗೆ, ಜಗುಲಿಯ ಗೋಡೆಯ ಮೇಲೆ. ಬೀದಿಯ ಹುಡುಗರಿಗೆ ಭರ್ಜರಿ ಸಿಗ್ನಲ್, ಮಹಡಿಯವಳಿಗೆ ಒಂದೇ ಕಡ್ಡಿ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ ಇರಬೇಕು.

ಕಂಪ್ಲೇಂಟುಗಳಲ್ಲಿ ಅರ್ಧ ನಿಜ. ಉಳಿದರ್ಧ ನಿಜವಲ್ಲ. ಅವಳೇ ಸ್ವಿಚ್ ಆಫ್ ಮಾಡಿ ಫೋನ್ ಮಾಡಿದ್ದೂ ಉಂಟು. ಅವನು ಬಂದು ಸ್ವಿಚ್ ಆನ್ ಮಾಡಿ, "ದೊಡ್ಡ ಪ್ರಾಬ್ಲಮ್ ಇದೆ, ನಿಧಾನಕ್ಕೆ ಚೆಕ್ ಮಾಡ್ಬೇಕು" ಎಂದು ನಿಂತದ್ದೂ ಉಂಟು. ಅವಳು ಬಾಗಿಲಿಗೆ ಒರಗಿ ಒಳಗೆ, ಅವನು ಹೊರಗೆ. ಇಬ್ಬರೂ ಏನೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವುದೇನಿತ್ತು, ಬಾಕ್ಸಿಗೂ ಗೊತ್ತಿತ್ತು.

ಈಗ ಅವಳು ಸ್ವಂತ ರೂಟರ್ ತರಿಸಿ, ಹಾಕಿಕೊಡಲು ಅವನಿಗೆ ಫೋನ್ ಮಾಡಿದ್ದಳು. ಫೈಬರನ್ನು ನೇರವಾಗಿ ಚುಚ್ಚಬಹುದಾದ ರೂಟರ್ ಅದು, ಕಂಪನಿಯ ಬಾಕ್ಸೇ ಬೇಡ.

"ರೂಲ್ಸ್ ಗೊತ್ತಲ್ಲ ಮೇಡಂ? ನಿಮ್ದೇ ರೂಟರ್ ಹಾಕ್ಕೊಂಡ್ರೆ ಸ್ಪೀಡು, ಸಿಗ್ನಲ್ಲು ಅಂತ ಏನೇ ಆದ್ರೂ ನಾವು ಬರಲ್ಲ."

"ಗೊತ್ತು."

"ಗೊತ್ತಿದ್ದೂ ತರ್ಸಿದ್ರಾ?"

"ಗೊತ್ತಿದ್ದೇ ತರ್ಸಿದೆ."

ಅವನು ತಲೆ ತಗ್ಗಿಸಿ ಬ್ಯಾಗಿನ ಜಿಪ್ ಎಳೆದ. "ನಾನು ಬರೋದು ಬೇಡ ಅಂದಿದ್ರೆ ಸಾಕಾಗಿತ್ತು. ಇಷ್ಟು ಖರ್ಚು ಯಾಕೆ ಮಾಡಿದ್ರಿ?"

ಅಲ್ಲ ಕಣೋ ಪೆದ್ದ, ಎಂದು ಕೂಗಬೇಕೆನಿಸಿತು ಅವಳಿಗೆ. ಕೂಗುವಂತಿರಲಿಲ್ಲ. ಒಳಗೆ ಹಾಲ್‌ನಲ್ಲಿ ಅಜ್ಜಿ ಅಮ್ಮಾಜಮ್ಮ ಇದ್ದಳು. ಅಮ್ಮ ಗೌರಿಬಿದನೂರಿಗೆ, ತವರಿಗೆ ಹೋಗಿದ್ದಳು. ಚಿಕ್ಕಬಳ್ಳಾಪುರಕ್ಕೆ ಹೋದ ಅಪ್ಪ ಊಟದ ಹೊತ್ತಿಗೆ ಬರುವವರು. ಹೊತ್ತು ಆಗಲೇ ನೆತ್ತಿಗೇರುತ್ತಿತ್ತು.

"ಯಾರೇ ಅದು?" ಅಜ್ಜಿಯ ದನಿ.

"ನೆಟ್‌ನವ್ರು ಅಜ್ಜಿ."

"ಜಗುಲಿ ಮೇಲೇ ನೋಡ್ಕೊಂಡು ಹೋಗಕ್ ಹೇಳು."

ಯಾಮಿನಿಯ ಕಿವಿ ಬಿಸಿಯಾಯಿತು. ಬಾಕ್ಸ್ ಹೊರಗೇಕೆ ಎಂದು ಅವಳು ಮೊನ್ನೆ ಮೊನ್ನೆಯವರೆಗೆ ಯೋಚಿಸಿಯೇ ಇರಲಿಲ್ಲ. ಅವನನ್ನು ಕೇಳಿದಾಗ, "ನಿಮ್ಮಜ್ಜೀನ ಕೇಳಿ" ಎಂದು ನಕ್ಕು ಸುಮ್ಮನಾಗಿದ್ದ. ಅಜ್ಜಿ ಅಕ್ಕಿ ಆರಿಸುತ್ತಲೇ ಹೇಳಿದ್ದಳು: ಬಾಕ್ಸ್ ಹಾಕಲು ಬಂದ ದಿನ ಯಾರ ಪೈಕಿ ಎಂದು ಕೇಳಿದೆ, ಆ ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ, ಕಾಲೋನಿಯವರು, ಈಗ ಬೌದ್ಧರು ಅಂತ. "ಅವರನ್ನ ಒಳಗೆ ಬಿಡಕ್ಕಾಗುತ್ತೇನಮ್ಮ? ಅದಕ್ಕೇ ಅಲ್ಲೇ ಹಾಕು ಅಂದೆ."

ಅಂದಿನಿಂದ ಯಾಮಿನಿ ಸುಳ್ಳು ಕಂಪ್ಲೇಂಟ್ ಕೊಡಲಾರದೆ ಹೋದಳು. ಎರಡು ವರ್ಷ ಅವಳು ಪ್ರೀತಿ ಎಂದುಕೊಂಡು ಸಂಭ್ರಮಪಟ್ಟಿದ್ದು ಅವನನ್ನು ಹೊಸ್ತಿಲಾಚೆ ನಿಲ್ಲಿಸಿಕೊಂಡು. ನಾಚಿಕೆಯಿಂದ ಅವಳು ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ.

ಸಿದ್ಧಾರ್ಥ್ ಸ್ಕ್ರೂ ಬಿಚ್ಚಿ ಬಾಕ್ಸನ್ನು ಗೋಡೆಯಿಂದ ಎತ್ತಿದ. ಹಿಂದಿನಿಂದ ಕಪ್ಪು ವೈರಿನ ದೊಡ್ಡ ಸುರುಳಿಯೊಂದು ಬಿಚ್ಚಿಕೊಂಡು ಜಗುಲಿಯ ಮೇಲೆ ಬಿತ್ತು. ಅವನು ತಟ್ಟನೆ ಬಗ್ಗಿ ಎತ್ತಿಕೊಳ್ಳಲು ನೋಡಿದ. ಅವಳು ಆಗಲೇ ನೋಡಿಯಾಗಿತ್ತು.

"ಇಷ್ಟೊಂದು ವೈರ್ ಯಾಕೆ ಸುತ್ತಿಟ್ಟಿದೀರ?"

"ಸುಮ್ನೆ. ಸ್ಪೇರ್ ಇರ್ಲಿ ಅಂತ."

"ಎಲ್ಲರ ಮನೇಲೂ ಇಷ್ಟು ಬಿಡ್ತೀರಾ?"

ಅವನು ವೈರಿನ ಸುರುಳಿ ಸುತ್ತತೊಡಗಿದ. ಕಿವಿಯ ತುದಿ ಕೆಂಪಾಯಿತು. ಆಮೇಲೆ ವೈರನ್ನೇ ನೋಡುತ್ತಾ ಹೇಳಿದ, "ಬಾಕ್ಸ್ ಹಾಕಿದ್ ದಿನ ನೀವು ಕಾಲೇಜಿಂದ ಬಂದ್ರಿ. ಕೊಡೆ ಮಡಚ್ತಾ ನನ್ನ ನೋಡಿ, ಬಿಸ್ಲಲ್ಲಿ ಯಾಕ್ ನಿಂತಿದೀರ, ಒಳಗೆ ಬನ್ನಿ ಅಂದ್ರಿ. ನಿಮ್ಗೇನೂ ಗೊತ್ತಿರ್ಲಿಲ್ಲ. ನಾನು ಬರ್ಲಿಲ್ಲ. ಆದ್ರೆ ಹಾಲ್‌ವರ್ಗೂ ಸಾಲೋಷ್ಟು ವೈರ್ ಬಿಟ್ಟು ಹೋದೆ."

ಯಾಮಿನಿಗೆ ಅಳು ಬಂತು. ಅಳುವುದಕ್ಕೆ ಸಮಯವಿರಲಿಲ್ಲ. ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಒಳಗೆ ಬನ್ನಿ ಸಿದ್ಧಾರ್ಥ್."

"ಯೋಚನೆ ಮಾಡಿ ಕರೀರಿ. ಕರೆದು ಆಮೇಲೆ ಹೋಗು ಅಂದ್ರೆ ತಡ್ಕೊಳಕ್ಕಾಗಲ್ಲ ನಂಗೆ. ಹೊರಗೆ ನಿಂತು ಅಭ್ಯಾಸ ಆಗಿದೆ."

"ನಂಗಾಗಿಲ್ಲ. ಈ ಬಾಕ್ಸ್ ಇಲ್ಲಿರೋವರ್ಗೂ ನಾನು ಕಸ್ಟಮರ್ರು, ನೀವು ನೆಟ್ ಹುಡ್ಗ. ನೆಟ್ ಕೆಟ್ರೆ ಮಾತ್ರ ನೀವು ಬರ್ಬೇಕು. ಅದಕ್ಕೇ ತೆಗೀರಿ ಅಂದಿದ್ದು. ನೀವು ಬೇಡ ಅಂತಲ್ಲ. ಈ ನೆಪ ಬೇಡ ಅಂತ. ಅರ್ಥ ಆಯ್ತಾ?"

ಅವನು ಅವಳನ್ನು ನೋಡಿದ. ಇಷ್ಟು ಹೊತ್ತಿಗೆ ಮೊದಲ ಸಲ ನೇರವಾಗಿ, ಕಣ್ಣು ಕದಲಿಸದೆ. ಆಮೇಲೆ ಬಾಗಿಲ ಹೊರಗೆ ಶೂ ಬಿಚ್ಚಿ ಒಳಗೆ ಕಾಲಿಟ್ಟ.

"ಏಮಿಟೇ ಇದಿ, ಯಾಮಿನಿ!" ಏನಿದು ಎನ್ನುತ್ತಾ ಅಜ್ಜಿ ಎದ್ದು ನಿಂತಳು. ಕೋಪ ಬಂದರೆ ಅಜ್ಜಿಯ ಬಾಯಿಗೆ ಮೊದಲು ತೆಲುಗೇ ಬರುವುದು.

"ನಾನೇ ಕರೆದೆ ಅಜ್ಜಿ."

"ನಿಮ್ಮಪ್ಪ ಬರ್ಲಿ."

"ಬರ್ಲಿ."

ಸಿದ್ಧಾರ್ಥ್ ಬ್ಯಾಗಿನಿಂದ ಡ್ರಿಲ್ ತೆಗೆದ. ಗೋಡೆಗೆ ತೂತು ಕೊರೆಯುವ ಸದ್ದಿಗೆ ಮನೆಯೇ ಅದುರಿತು. ವೈರು ಒಳಗೆ ಬಂತು, ಟಿವಿಯ ಪಕ್ಕದವರೆಗೆ ಸಲೀಸಾಗಿ ಸಾಲಿತು. ಸಿದ್ಧಾರ್ಥ್ ಹೊಸ ರೂಟರಿಗೆ ಫೈಬರ್ ಚುಚ್ಚಿದ. ಕೆಂಪು ದೀಪ. ಆಫೀಸಿನ ಮುರಳಿಮೋಹನನಿಗೆ ಫೋನ್ ಮಾಡಿ, ಹಳೆಯ ಬಾಕ್ಸಿನ ಸೀರಿಯಲ್ ನಂಬರ್ ತೆಗೆದು ಹೊಸದರದ್ದು ಹಾಕಲು ಹೇಳಿದ. ಆ ಕಡೆ ನಂಬರ್ ಸೇರಿಸುವವರೆಗೆ ಕಾಯಬೇಕು. ಅಷ್ಟರಲ್ಲಿ ಹೊರಗೆ ಅಪ್ಪನ ಟಿವಿಎಸ್ ನಿಂತ ಸದ್ದಾಯಿತು.

"ಸಿದ್ಧಾರ್ಥ್, ನೀವು ಬೇಕಾದ್ರೆ..."

"ಇಲ್ಲ. ನಾನು ಹೋಗಲ್ಲ" ಎಂದ ಮೆಲ್ಲಗೆ.

ನರಸಿಂಹಪ್ಪ ಬಾಗಿಲಲ್ಲೇ ನಿಂತರು. ಜಗುಲಿಯ ಬೋಳು ಗೋಡೆ ನೋಡಿದರು, ಹೊರಗಿದ್ದ ಶೂ ನೋಡಿದರು, ಒಳಗಿದ್ದ ಹುಡುಗನನ್ನು ನೋಡಿದರು. ಅವರು ಮಾತು ಕಡಿಮೆಯ ಮನುಷ್ಯ. ಅದೇ ಭಯ.

"ಕಂಪನಿ ಬಾಕ್ಸ್ ಎಲ್ಲಮ್ಮ?"

"ತೆಗೆಸ್ದೆ ಅಪ್ಪ. ಇದು ನಮ್ದೇ."

"ಕೆಟ್ರೆ ರಿಪೇರಿಗೆ ಯಾರು ಬರ್ತಾರೆ?"

"ಯಾರೂ ಬರಲ್ಲ. ನಾನೇ ನೋಡ್ಕೋತೀನಿ."

"ಮತ್ತೆ ಇವನು?"

ಯಾಮಿನಿ ಸಿದ್ಧಾರ್ಥನ ಪಕ್ಕಕ್ಕೆ ಹೋಗಿ ನಿಂತಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು.

"ಇವರು ಇನ್ಮೇಲೆ ರಿಪೇರಿಗೆ ಬರಲ್ಲಪ್ಪ. ನಂಗೋಸ್ಕರ ಬರ್ತಾರೆ. ನಾನು ಇವ್ರನ್ನೇ ಮದ್ವೆ ಆಗ್ಬೇಕು ಅಂತಿದೀನಿ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೂಟರಿನ ದೀಪ ಯಾವಾಗ ಹಸಿರಾಯಿತೋ ಯಾರೂ ನೋಡಲಿಲ್ಲ. ಅಪ್ಪನ ದವಡೆ ಬಿಗಿದುಕೊಂಡಿತ್ತು. ಅವರು ಮಗಳನ್ನು ಬಿಟ್ಟು ಸಿದ್ಧಾರ್ಥನ ಕಡೆ ತಿರುಗಿದರು.

"ಮನೇಲಿ ಯಾರಿದಾರಯ್ಯ?"

"ಅಮ್ಮ ಇದಾರೆ ಸರ್. ಲಕ್ಷ್ಮಿದೇವಮ್ಮ ಅಂತ. ಅಂಗನವಾಡೀಲಿ ಟೀಚರು."

"ಕರ್ಕೊಂಡು ಬಾ. ಅವ್ರ ಹತ್ರ ಮಾತಾಡ್ಬೇಕು."

ಒಪ್ಪಿಗೆಯೋ ಜಗಳಕ್ಕೆ ಕರೆಯೋ, ಆ ದನಿಯಲ್ಲಿ ತಿಳಿಯುವಂತಿರಲಿಲ್ಲ. ಸಿದ್ಧಾರ್ಥ್ ಬ್ಯಾಗ್ ಹೆಗಲಿಗೇರಿಸಿದ.

"ಕರ್ಕೊಂಡ್ ಬರ್ತೀನಿ ಸರ್. ಆದ್ರೆ ಒಂದು ಮಾತು. ಎಲ್ಲಿ ಕೂತು ಮಾತಾಡೋದು? ಜಗುಲಿ ಮೇಲಾದ್ರೆ ನಾನೊಬ್ನೇ ಬರ್ತೀನಿ. ನಮ್ಮಮ್ಮನ್ನ ಅಲ್ಲಿ ಕೂರ್ಸಲ್ಲ."

ಅಪ್ಪ ತಮ್ಮ ತಾಯಿಯ ಮುಖ ನೋಡಿದರು, ಗೋಡೆಗೆ ಹೊಸದಾಗಿ ಕೊರೆದ ತೂತು ನೋಡಿದರು.

"ಒಳಗೆ" ಎಂದರು ಕೊನೆಗೆ. ಮತ್ತೆ ಯಾರ ಮುಖವನ್ನೂ ನೋಡದೆ ಕಾಲು ತೊಳೆಯಲು ಹಿತ್ತಲಿಗೆ ಹೋದರು. ಅಜ್ಜಿ ತನ್ನ ರೂಮಿಗೆ ಹೋಗಿ ದಡಾರನೆ ಬಾಗಿಲು ಹಾಕಿಕೊಂಡಳು.

ಯಾಮಿನಿ ಅವನ ಜೊತೆ ಗೇಟಿನವರೆಗೆ ನಡೆದಳು, ಬೀದಿಯವರೆಲ್ಲ ನೋಡುವ ಹಾಗೆ. ಅವನು ಬೈಕಿನ ಕೀ ಹಾಕಲು ನೋಡಿದರೆ ಅದು ಹೋಗುತ್ತಲೇ ಇರಲಿಲ್ಲ. ಅವಳು ಅವನ ಕೈ ಹಿಡಿದುಕೊಂಡಳು. ಅದು ಅವಳ ಕೈಗಿಂತ ತಣ್ಣಗಿತ್ತು.

"ಅಮ್ಮನ್ನ ಯಾವಾಗ ಕರ್ಕೊಂಡ್ ಬರ್ತೀರ?"

"ನಾಳೆ."

"ಅಷ್ಟು ಬೇಗನಾ?"

"ಎರಡು ವರ್ಷದಿಂದ ಸ್ಲೋ ಅಂತ ಕಂಪ್ಲೇಂಟ್ ಕೊಟ್ಟಿದ್ದು ಯಾರು ಟೀಚರಮ್ಮಾ?" ಎಂದ ಅವನು. ಆಮೇಲೆ ನಗಲು ಹೋಗಿ ಅತ್ತುಬಿಟ್ಟ.