ಮಗಳು ತಿನ್ನಿಸಿದ ಕಡುಬು

"ನಿನ್ನ ಗಂಡನ ಮನೇಲಿ ನೀರೂ ಮುಟ್ಬೇಡ ಶಿಲ್ಪಾ. ಕೈಮದ್ದು ಹಾಕ್ತಾರೆ," ಅಂದರು ಪ್ರೇಮಲತಕ್ಕ, ಮೂಡಿಗೆರೆಯಲ್ಲಿ ಅವಳಿಗೆ ರೂಮು ಬಾಡಿಗೆ ಕೊಟ್ಟವರು. "ತಿನ್ನೋದ್ರಲ್ಲಿ ಬೆರೆಸಿಬಿಟ್ರೆ ಮುಗೀತು. ಕರುಳಬಳ್ಳಿ ಸಮೇತ ಮರೆತುಹೋಗತ್ತೆ ಮಾರಾಯ್ತಿ."

ದಾವಣಗೆರೆಯಿಂದ ಬಂದ ಶಿಲ್ಪಾ ನಕ್ಕುಬಿಟ್ಟಳು. ಲ್ಯಾಬಿನಲ್ಲಿ ದಿನಾ ರಕ್ತ ಪರೀಕ್ಷೆ ಮಾಡುವವಳು, ಇದನ್ನೆಲ್ಲ ನಂಬುತ್ತಾಳೆಯೇ! "ಅವರಿಗೆ ಮದ್ದು ಬೇರೆ ಬೇಕಾ ಅಕ್ಕ? 'ನಿಮ್ಮಮ್ಮ ನಿನ್ನ ಬಿಟ್ಟುಹೋದ್ಲು' ಅಂತ ನನ್ನ ಮಗೂಗೆ ಹೇಳಿಕೊಡ್ತಿದಾರಲ್ಲ, ಅಷ್ಟು ಸಾಲದಾ?"

ಹೌದು, ಹೇಳಿಕೊಟ್ಟಿದ್ದರು. ಗಂಡ ಉಮೇಶನಿಂದ ದೂರವಾದ ಮೇಲೆ, ಭಾನುವಾರ ಮಗಳನ್ನು ನೋಡಬಹುದು ಅಂದಿತ್ತು ಕೋರ್ಟು. ಆದರೆ ಜಾವಳಿಯ ಆ ಮನೆಯ ಬಾಗಿಲ ಸಂದಿಯಲ್ಲಿ ನಿಂತು ಏಳು ವರ್ಷದ ಸ್ವಾತಿ ಪ್ರತಿಸಲ "ನೀವು ಹೋಗಿ" ಅನ್ನುತ್ತಿದ್ದಳು. ಹೆತ್ತವಳಿಗೆ ನೀವು! ಉಮೇಶ ಒಳಗೆ ಮೊಬೈಲ್ ಒತ್ತುತ್ತ ಕೂತಿರುತ್ತಿದ್ದ.

ಆ ಭಾನುವಾರ ಮಾತ್ರ ಸ್ವಾತಿ ಹೊಸಿಲು ದಾಟಿ ಬಂದಳು. ಕೈಯಲ್ಲಿ ಬಾಳೆಲೆಯ ಚೂರು, ಅದರ ಮೇಲೆ ಹಬೆಯಾಡುವ ಕಡುಬು. ಒಳಗಿನ ಕತ್ತಲಲ್ಲಿ ಅತ್ತೆ ವಿಮಲಮ್ಮನ ಬಳೆ ಸದ್ದಾಯಿತು. ಕೂದಲು ಸುಟ್ಟ ಕಮಟು ವಾಸನೆ ಮೂಗಿಗೆ ಬಡಿಯಿತು. "ಅಜ್ಜಿ ತಿನ್ಸು ಅಂದ್ರು," ಎನ್ನುತ್ತ ಮಗು ತುತ್ತು ಮುರಿದು ಬಾಯಿಯ ಹತ್ತಿರ ಹಿಡಿಯಿತು.

ವರ್ಷದ ಮೇಲೆ ಮಗಳು ಇಷ್ಟು ಹತ್ತಿರ ಬಂದಿದ್ದಳು. ವಿಷವೆಂದರೂ ಶಿಲ್ಪಾ ತಿನ್ನುತ್ತಿದ್ದಳೇನೋ ಪಾಪ. ಬಾಯಿ ತೆರೆದಳು. ಕಹಿ ಗಂಟಲಿಗಿಳಿಯಿತು.

ವಿಷಯ ಕೇಳಿ ಪ್ರೇಮಲತಕ್ಕ ಎದೆ ಎದೆ ಬಡಿದುಕೊಂಡರು. "ತಿಂದ್ಯಾ? ಅಯ್ಯೋ ದೇವ್ರೇ! ಏಳು, ಮದ್ದು ತೆಗೆಯೋರ ಹತ್ರ ಹೋಗೋಣ. ಸೊಪ್ಪಿನ ರಸ ಕೊಡ್ತಾರೆ, ಕಕ್ಕಿಬಿಡು. ಬೆಳಗಾದ್ರೆ ಅದು ಒಳಗೆ ಅಂಟಿಕೊಳ್ಳತ್ತೆ."

"ನನ್ನ ಮಗಳು ತಿನ್ನಿಸಿದ್ದು ಅಕ್ಕ. ನಾನು ಕಕ್ಕಲ್ಲ."

ಮೊದಲು ಮರೆತದ್ದು ಮಗಳು ಹುಟ್ಟಿದ ದಿನ. ಆಮೇಲೆ ಅವಳ ದನಿ. ಮೊಬೈಲಿನ ಫೋಟೊದಲ್ಲಿ ಯಾವುದೋ ಮಗು ನಗುತ್ತಿತ್ತು. ಯಾರಿದು? ಹೆಸರು ನಾಲಿಗೆಯ ತುದಿಗೆ ಬಂತು. ಜಾರಿತು. ಹಿಡಿಯಹೋದಳು. ಸಿಗಲಿಲ್ಲ. ಎದೆಯೊಳಗೆ ಏನೋ ಖಾಲಿಯಾಗುತ್ತಿತ್ತು. ಅತ್ತಳು. ಯಾಕೆ ಅಳುತ್ತಿದ್ದೇನೆಂದು ತಿಳಿಯಲಿಲ್ಲ. ಮುಂದಿನ ಭಾನುವಾರ ಜಾವಳಿಯ ಬಸ್ಸು ಅವಳಿಲ್ಲದೆ ಹೋಯಿತು. ಅದರ ಮುಂದಿನ ಭಾನುವಾರವೂ.

ವಕೀಲರು ಕರೆದರೆಂದು ಕೋರ್ಟಿಗೆ ಹೋದಳು. ವರಾಂಡದ ಜನಜಂಗುಳಿಯಲ್ಲಿ ಒಂದು ಹುಡುಗಿ ಉಮೇಶನ ಕೈ ಕೊಸರಿಕೊಂಡು ಓಡಿ ಬಂತು. ಅವಳ ಸೊಂಟ ತಬ್ಬಿ ಬಿಕ್ಕಿತು. "ಯಾಕಮ್ಮ ಬರ್ಲಿಲ್ಲ? ದಿನಾ ಬಾಗಿಲಲ್ಲೇ ಕಾದೆ. ಅಜ್ಜಿ ಹೇಳಿದ್ದು ನಿಜಾನಾ? ನನ್ನ ಬಿಟ್ಟುಬಿಟ್ಯಾ?"

ಶಿಲ್ಪಾಳಿಗೆ ಅಯ್ಯೋ ಅನ್ನಿಸಿತು. ಆ ಪುಟ್ಟ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಬಗ್ಗಿ ಕಣ್ಣೊರೆಸಿದಳು.

"ಅಳಬೇಡ ಪುಟ್ಟಾ. ನಿಮ್ಮಮ್ಮ ಎಲ್ಲಿ?"