ಕೋಟಿಗೆ ಹೇಳಿದ ನಮಸ್ಕಾರ

ಆ ಶುಕ್ರವಾರ ಅವಳ ಮಾನ ಹೋದದ್ದು ಒಂದೇ ಒಂದು ಇಂಗ್ಲಿಷ್ ಪದದ ದೆಸೆಯಿಂದ.

ಅದು ಶಾಲಾಮಕ್ಕಳಿಗೆ ಇಂಗ್ಲಿಷ್ ನಿಘಂಟು ತಯಾರಿಸುವ ಪುಟ್ಟ ಆಫೀಸು. ಒಂದು ಪದಕ್ಕೆ ಒಂದು ಕಾರ್ಡು; ಮೇಲೆ ಅರ್ಥ, ಕೆಳಗೆ ಪ್ರಯೋಗ ವಾಕ್ಯ. ಪ್ರತಿ ಶುಕ್ರವಾರ ಆ ವಾರದ ಪ್ರಯೋಗಗಳನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಬರೀ ವಾಕ್ಯ ಕೇಳಿಯೇ ಪದ ಅರ್ಥವಾಗಬೇಕು, ಇಲ್ಲವಾದರೆ ಕಾರ್ಡು ವಾಪಸ್ಸು. ಪ್ರಯೋಗ ಬರೆಯಲೆಂದು ಅವಳು ಸೇರಿ ಇನ್ನೂ ಐದು ದಿನ. ಅದಕ್ಕೂ ಮೊದಲು ಅರ್ಥ, ಪ್ರಯೋಗ ಎರಡನ್ನೂ ಬರೆಯುತ್ತಿದ್ದವನನ್ನು ಆಫೀಸಿನವರು ಪಂಡಿತ ಎನ್ನುತ್ತಿದ್ದರು. ವಯಸ್ಸು ಮೂವತ್ತರ ಆಸುಪಾಸು, ಕನ್ನಡಕ, ಯಾವಾಗಲೂ ಮಸಿ ಮೆತ್ತಿದ ಹೆಬ್ಬೆರಳು.

ಸಂಪಾದಕರು ಅವನ ಕಾರ್ಡನ್ನು ಕೈಗೆತ್ತಿಕೊಂಡು ಓದಿದರು. "ಪದ, ಡಿಸ್ಕಂಬಾಬ್ಯುಲೇಟೆಡ್. ಪ್ರಯೋಗ: ಮೊದಲ ದಿನ ಕೆಲಸಕ್ಕೆ ಬಂದ ಹುಡುಗಿ ಎಷ್ಟು ಡಿಸ್ಕಂಬಾಬ್ಯುಲೇಟೆಡ್ ಆಗಿದ್ದಳೆಂದರೆ, ಕೋಟು ಸ್ಟ್ಯಾಂಡನ್ನೇ ಸಂಪಾದಕರೆಂದುಕೊಂಡು ನಮಸ್ಕಾರ ಹೇಳಿ, ಕೋಟಿನ ತೋಳಿಗೆ ತನ್ನ ನೇಮಕದ ಪತ್ರ ಕೊಟ್ಟಳು."

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಅವಳ ಕಡೆ ತಿರುಗಿದರು.

ಅದು ನಡೆದಾಗ ಸಂಪಾದಕರ ಕೋಣೆಯಲ್ಲಿ ಇದ್ದವನು ಪಂಡಿತನೊಬ್ಬನೇ. ಕೋಟಿನ ಮೇಲೆ ಟೋಪಿ, ಟೋಪಿಯ ಕೆಳಗೆ ಮಫ್ಲರು. ಯಾರಿಗಾದರೂ ಮನುಷ್ಯನೆಂದೇ ಅನ್ನಿಸಬೇಕು. ಅವಳು ನಾಚಿಕೆಯಿಂದ ಅವನತ್ತ ನೋಡಿದ್ದಳು. ಅವನು ತುಟಿಯ ಮೇಲೆ ಬೆರಳಿಟ್ಟು, ಯಾರಿಗೂ ಹೇಳೋದಿಲ್ಲ ಎನ್ನುವಂತೆ ನಕ್ಕಿದ್ದ. ಆ ನಗು ಎಷ್ಟು ಚೆನ್ನಾಗಿತ್ತೆಂದರೆ, ಐದು ದಿನ ಅವಳು ಅದನ್ನೇ ನೆನೆದುಕೊಂಡು ಕೆಲಸಕ್ಕೆ ಬಂದಿದ್ದಳು. ಹಾಳಾದವನು.

ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವನನ್ನು ಅಡ್ಡಗಟ್ಟಿದಳು. "ಇಡೀ ಪ್ರಪಂಚದಲ್ಲಿ ನಿಮಗೆ ಬೇರೆ ಪ್ರಯೋಗ ಸಿಗಲಿಲ್ವಾ?"

ಅವನು ಕನ್ನಡಕ ತೆಗೆದು ಒರೆಸಿದ. "ಅದು ಬರೀ ಗೊಂದಲ ಅಲ್ಲ ಮೇಡಂ. ಗೊಂದಲ ಅಂದ್ರೆ ಕನ್ಫ್ಯೂಸ್ಡ್ ಅಂತ ಬರೆದ್ರೆ ಸಾಕು. ಇದು ತಬ್ಬಿಬ್ಬಾಗೋದು, ಕಕ್ಕಾಬಿಕ್ಕಿ ಆಗೋದು. ನೋಡಿದವರಿಗೆ ನಗು ಬರ್ಬೇಕು. ಆಮೇಲೆ ಯಾವಾಗಲಾದ್ರೂ ತಬ್ಬಿಬ್ಬಾದವರಿಗೂ ನಗು ಬರ್ಬೇಕು."

"ನನಗೆ ಬರ್ತಾ ಇಲ್ಲ."

"ಹೆಸರು ಹಾಕಿಲ್ಲವಲ್ಲ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ."

"ಐದು ದಿನದ ಹಿಂದೆ ಸೇರಿದವರು ಈ ಆಫೀಸಲ್ಲಿ ಎಷ್ಟು ಜನ ಇದ್ದಾರೆ?"

ಸಂಜೆಯ ಹೊತ್ತಿಗೆ ಅವಳಿಗೆ ಸ್ಟ್ಯಾಂಡಮ್ಮ ಎಂಬ ಹೆಸರು ಅಂಟಿಕೊಂಡಿತ್ತು. ಇವನಿಗೆ ತಕ್ಕ ಶಾಸ್ತಿ ಮಾಡದಿದ್ದರೆ ನಾನು ನನ್ನಮ್ಮನ ಮಗಳೇ ಅಲ್ಲ ಎಂದು ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಅವಳು ಶಪಥ ಮಾಡಿದಳು.

ಶಾಸ್ತಿ ಮಾಡುವ ಆಯುಧ ಕೈಯಲ್ಲೇ ಇತ್ತು. ಇನ್ನು ಮುಂದೆ ಪ್ರಯೋಗಗಳೆಲ್ಲ ಅವಳವೇ ತಾನೆ?

ಮುಂದಿನ ಶುಕ್ರವಾರದಿಂದ ಶುರುವಾಯಿತು. ಫಿಜೆಟ್ ಎಂಬ ಪದಕ್ಕೆ, ಸುಳ್ಳು ಹೇಳುವಾಗಲೆಲ್ಲ ಕನ್ನಡಕ ಒರೆಸುವ ಒಬ್ಬ ಮಹಾಶಯ ಬಂದ. ಹಮ್ ಎಂಬುದಕ್ಕೆ, ಪೆನ್ಸಿಲ್ ಹೆರೆಯುತ್ತ ಅಪಸ್ವರದಲ್ಲಿ ಗುನುಗುವ ಗಾಯಕ ಬಂದ. ಪಾಂಪಸ್ ಎಂಬುದಕ್ಕೆ ಬಂದವನು ಒಂದೇ ಹುಬ್ಬು ಏರಿಸಿ ಬೇರೆಯವರ ವಾಕ್ಯ ತಿದ್ದುತ್ತಿದ್ದ. ಯಾರ ಹೆಸರೂ ಇಲ್ಲ, ಎಲ್ಲರಿಗೂ ಗೊತ್ತು. ಜನ ಮೇಜು ಬಡಿದು ನಗುತ್ತಿದ್ದರು, ಅವನ ಕಿವಿ ಕೆಂಪಾಗುತ್ತಿತ್ತು. ಬಲಗಿವಿ ಮೊದಲು, ಎಡಗಿವಿ ಆಮೇಲೆ. ಆ ಕ್ರಮ ಅವಳಿಗೆ ಬಾಯಿಪಾಠವಾಗಿತ್ತು.

ಎರಡು ವರ್ಷ ಹೀಗೇ ನಡೆಯಿತು. ಅವಳ ಕಾರ್ಡುಗಳನ್ನು ನೋಡಿ ಒಪ್ಪಬೇಕಾದವನು ಅವನೇ; ಆದರೂ ಒಂದನ್ನೂ ತಿರಸ್ಕರಿಸಲಿಲ್ಲ. ಕೆಳಗೆ ಹಸಿರು ಪೆನ್ನಿನಲ್ಲಿ 'ಸರಿ' ಎಂದು ಬರೆದು ಕಳಿಸುತ್ತಿದ್ದ. ಅದು ಅವಳ ಮೈ ಇನ್ನಷ್ಟು ಉರಿಸುತ್ತಿತ್ತು.

"ಅಲ್ಲ ಕಣೇ," ಎಂದಳು ಪುಟ ಜೋಡಿಸುವ ಅಕ್ಕ ಒಂದು ದಿನ, "ಅವನ ಎಡಗೈ ಕಿರುಬೆರಳಿನ ಗಾಯದ ಗುರುತು ಕೂಡ ನಿನ್ನ ಕಾರ್ಡಲ್ಲಿದೆ. ದ್ವೇಷ ಮಾಡೋಕೆ ಇಷ್ಟೊಂದು ನೋಡ್ಬೇಕಾ?"

"ಶತ್ರುವನ್ನ ಚೆನ್ನಾಗಿ ತಿಳ್ಕೋಬೇಕು ಅಕ್ಕ."

"ಹೂಂ, ತಿಳ್ಕೋ ತಿಳ್ಕೋ," ಎಂದು ಅಕ್ಕ ತಲೆ ಬಗ್ಗಿಸಿ ನಕ್ಕಳು.

ನಿಘಂಟು ಮುಗಿಯುತ್ತ ಬಂತು. ಸಂಪಾದಕರು ನಿವೃತ್ತರಾಗುವವರಿದ್ದರು. ಅವರ ಕುರ್ಚಿ ಪಂಡಿತನಿಗೇ ಎಂದು ಗೋಡೆಗಳಿಗೂ ಗೊತ್ತಿತ್ತು. ಅವನು ಎಂಟು ವರ್ಷದಿಂದ ಕನಸು ಕಂಡ ಕುರ್ಚಿ ಅದು. ಬಿಡುಗಡೆಯ ದಿನ, ಮಕ್ಕಳು ಮತ್ತು ಆಡಳಿತ ಮಂಡಳಿಯ ಮುಂದೆ, ಮಾದರಿ ಹಾಳೆಯಿಂದ ಅವನೇ ಒಂದು ಪದ ಓದಬೇಕೆಂದೂ ತೀರ್ಮಾನವಾಯಿತು. ಪದ ಅದೇ, ಡಿಸ್ಕಂಬಾಬ್ಯುಲೇಟೆಡ್. ಹಾಳೆಗೆ ಹೊಸ ಪ್ರಯೋಗ ಬರೆಯಬೇಕಾದವಳು ಅವಳು.

ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗಲಾರದು ಎಂದುಕೊಂಡಳು. ಆ ಕುರ್ಚಿಯನ್ನೇ ಅವನ ಕೆಳಗಿನಿಂದ ಎಳೆಯಬೇಕು. ನಲವತ್ತು ಹಾಳೆಗಳ ಕಟ್ಟಿನ ನಡುವೆ ತನ್ನ ವಾಕ್ಯ ಸೇರಿಸಿ ಅವನ ಮೇಜಿಗೆ ಕಳಿಸಿದಳು. ಕೊನೆಯ ವಾರದ ಗಡಿಬಿಡಿಯಲ್ಲಿ ಯಾರು ಓದುತ್ತಾರೆ? ಹಸಿರು 'ಸರಿ' ಬಿದ್ದು ಹಾಳೆ ಅಚ್ಚಿಗೆ ಹೋಯಿತು.

ಬಿಡುಗಡೆಯ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಹೆಬ್ಬೆರಳಿನ ಮಸಿಯನ್ನು ಉಜ್ಜಿ ಉಜ್ಜಿ ತೊಳೆದುಕೊಂಡಿದ್ದ. ಆ ತೊಳೆದ ಬೆರಳು ಕಂಡದ್ದೇ ಹೇಗಾದರೂ ಆ ಹಾಳೆ ತಡೆಯಬೇಕು ಎಂದು ಅವಳಿಗನ್ನಿಸಿತು.

ಓಡಿಹೋಗಿ ವೇದಿಕೆಯ ಪಕ್ಕದಲ್ಲಿ ಅವನನ್ನು ಹಿಡಿದಳು. "ಆ ಹಾಳೆ ಕೊಡಿ ಇಲ್ಲಿ. ತಪ್ಪಾಗಿದೆ. ಹಳೆ ಪ್ರಯೋಗಾನೇ ಓದಿ. ನನ್ನ ಬಗ್ಗೆ ಬರೆದದ್ದೇ ಓದಿ, ಪರವಾಗಿಲ್ಲ."

"ತಪ್ಪೇನಿಲ್ಲ. ನಾನು ಓದೇ ಸರಿ ಹಾಕಿದ್ದು."

"ಓದಿದ್ರಾ? ಓದಿ ಸರಿ ಹಾಕಿದ್ರಾ? ತಲೆ ಕೆಟ್ಟಿದೆಯಾ ನಿಮಗೆ?"

"ನಿಮ್ಮ ವಾಕ್ಯ ಯಾವುದನ್ನೂ ನಾನು ಓದದೆ ಬಿಟ್ಟಿಲ್ಲ," ಎಂದ. ಅವನು ಕನ್ನಡಕ ಒರೆಸಲಿಲ್ಲ.

ಅಷ್ಟರಲ್ಲಿ ಅವನನ್ನು ಕರೆದರು.

ಅವನು ಸ್ಪಷ್ಟವಾಗಿ, ನಿಧಾನವಾಗಿ ಓದಿದ. "ಸಂಪಾದಕನ ಕುರ್ಚಿ ತನ್ನದೇ ಎಂದು ಬೀಗುತ್ತಿದ್ದ ಪಂಡಿತ, ಅದು ಬೇರೆಯವರ ಪಾಲಾಯಿತೆಂದು ತಿಳಿದಾಗ ಎಷ್ಟು ಡಿಸ್ಕಂಬಾಬ್ಯುಲೇಟೆಡ್ ಆದನೆಂದರೆ, ಕನ್ನಡಕದ ಮೇಲೊಂದು ಕನ್ನಡಕ ಹಾಕಿಕೊಂಡು, ಅಭಿನಂದಿಸಲು ಹೋಗಿ ಕುರ್ಚಿಯ ಕೈ ಕುಲುಕಿದ."

ಮಕ್ಕಳು ಬಿದ್ದು ಬಿದ್ದು ನಕ್ಕರು. "ತಬ್ಬಿಬ್ಬಾಗೋದು!" "ಪೆಚ್ಚಾಗೋದು!" ಎಂದು ಎಲ್ಲ ಕಡೆಯಿಂದ ಅರ್ಥ ಬಂತು. ಮಂಡಳಿಯವರು ಮುಖ ಮುಖ ನೋಡಿಕೊಂಡರು. ಅವನ ಬಲಗಿವಿ ಕೆಂಪಾಯಿತು, ಆಮೇಲೆ ಎಡಗಿವಿ. ಈ ಸಲ ಅವಳಿಗೆ ನೋಡಲಾಗಲಿಲ್ಲ.

"ಅರ್ಥ ನನ್ನದು," ಎಂದ ಅವನು. "ಆದ್ರೆ ನಿಮಗೆ ಅರ್ಥ ಆಗಿದ್ದು ಪ್ರಯೋಗದಿಂದ. ಅದು ಅವರದು." ಸಭೆಯ ಕೊನೆಯ ಸಾಲಿನಲ್ಲಿ ನಿಂತಿದ್ದ ಅವಳತ್ತ ಕೈ ತೋರಿಸಿದ.

ವಾರ ಕಳೆದು ಸಂಪಾದಕರು ಅವಳನ್ನು ಕರೆದರು. "ಅರ್ಥ ಬರೆಯೋರು ಸಿಗ್ತಾರಮ್ಮ. ಒಂದೇ ವಾಕ್ಯದಲ್ಲಿ ಇಡೀ ಹಾಲಿಗೆ ಅರ್ಥ ಮಾಡಿಸೋರು ಸಿಗಲ್ಲ. ಕುರ್ಚಿ ನಿನಗೆ."

ಸೇಡು ತೀರಿತು, ಅದೂ ಬಡ್ಡಿ ಸಮೇತ. ಅವಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಸೋಮವಾರ ಸಂಪಾದಕರ ಕೋಣೆಯಲ್ಲಿ ಕೋಟು ತೆಗೆದು ಆ ಹಳೆಯ ಸ್ಟ್ಯಾಂಡಿಗೆ ಹಾಕಿ ಕೂತಳು. ಬಾಗಿಲು ತಟ್ಟಿದ ಸದ್ದಾಯಿತು. ಪಂಡಿತ ಒಳಗೆ ಬಂದ, ನೇರವಾಗಿ ಸ್ಟ್ಯಾಂಡಿನ ಮುಂದೆ ಹೋಗಿ ನಿಂತ.

"ನಮಸ್ಕಾರ ಮೇಡಂ," ಎಂದ ಅವಳ ಕೋಟಿಗೆ.

ಅವಳು ದಂಗಾದಳು. "ನಾನು ಇಲ್ಲಿದ್ದೀನಿ."

"ಗೊತ್ತು. ನಿಮ್ಮ ಮುಖ ನೋಡ್ಕೊಂಡು ಹೇಳೋ ಧೈರ್ಯ ಇಲ್ಲ. ಕೋಟಿಗೆ ಹೇಳ್ತೀನಿ, ಕೇಳಿಸ್ಕೊಳ್ಳಿ." ಕೋಟಿನತ್ತ ಸ್ವಲ್ಪ ಬಗ್ಗಿದ. "ಮೇಡಂ, ಅವತ್ತು ಈ ಕೋಣೆಗೆ ಒಬ್ಬಳು ಬಂದಳು. ಅವಳು ಹೊರಗೆ ಹೋದ ಮೇಲೆ ನಾನು ಮೂಗಿನ ಮೇಲಿದ್ದ ಕನ್ನಡಕಾನ ಅರ್ಧ ಗಂಟೆ ಹುಡುಕಿದೆ. ಆ ಪದಕ್ಕೆ ನಿಜವಾದ ಪ್ರಯೋಗ ನಾನು. ಅದನ್ನ ಬರೆಯೋಕೆ ಹೆದರಿ ಅವಳದನ್ನ ಬರೆದೆ. ಗುಟ್ಟು ಕಾಪಾಡ್ತೀನಿ ಅಂತ ಹೇಳಿ ಮೋಸ ಮಾಡಿದೆ. ಎರಡು ವರ್ಷ ಅವಳು ನನ್ನನ್ನ ಬೈದಳು. ಬೈಯೋಕಾದರೂ ನನ್ನನ್ನ ನೋಡ್ತಾಳಲ್ಲ ಅಂತ ಶುಕ್ರವಾರಕ್ಕೆ ಕಾಯ್ತಿದ್ದೆ. ನನಗೆ ಅವಳಂದ್ರೆ ತುಂಬ ಇಷ್ಟ ಮೇಡಂ."

ಹೇಳಿ ಮುಗಿಸಿ ಒಂದು ಕಾರ್ಡನ್ನು ಕೋಟಿನ ತೋಳಿಗೆ ಕೊಟ್ಟ. ತೋಳು ಹಿಡಿಯಲಿಲ್ಲ. ಕಾರ್ಡು ನೆಲಕ್ಕೆ ಬಿತ್ತು.

ಅವಳು ನಕ್ಕಳು. ಎರಡು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ನಗು ಒಮ್ಮೆಲೇ ಹೊರಟು ಕಣ್ಣಲ್ಲಿ ನೀರು ಬಂತು. ಅವತ್ತು ತಾನು ಕೋಟಿಗೆ ನಮಸ್ಕಾರ ಹೇಳಿದ್ದೂ ಎಷ್ಟು ತಮಾಷೆಯಾಗಿತ್ತು! ಕಾರ್ಡು ಎತ್ತಿಕೊಂಡಳು. ಅದೇ ಪದ, ಕೆಳಗೆ ಕನ್ನಡಕ ಹುಡುಕಿದವನ ಕಥೆ.

"ಶುಕ್ರವಾರ ಎಲ್ಲರ ಮುಂದೆ ಓದಿ," ಎಂದ ಅವನು. "ನನಗೆ ಹಾಗೇ ಆಗ್ಬೇಕು."

ಆಗ ಬಾಗಿಲು ತೆರೆದು ಪುಟ ಜೋಡಿಸುವ ಅಕ್ಕ ಇಣುಕಿದಳು. "ಏನೇ ಅದು ನಗು, ಹೊರಗೆಲ್ಲ ಕೇಳಿಸ್ತಿದೆ?"

"ಏನಿಲ್ಲ ಅಕ್ಕ," ಎಂದು ಅವಳು ಕಾರ್ಡನ್ನು ತನ್ನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು.

ಅಕ್ಕ ಹೋದ ಮೇಲೆ ಅವನನ್ನು ನೋಡುತ್ತ ತುಟಿಯ ಮೇಲೆ ಬೆರಳಿಟ್ಟಳು. ಅವಳ ಗುಟ್ಟನ್ನು ಅವನು ಐದು ದಿನವೂ ಕಾಪಾಡಲಿಲ್ಲ; ಅವನ ಗುಟ್ಟನ್ನು ತಾನು ಜೀವಮಾನವಿಡೀ ಕಾಪಾಡಿ ತೋರಿಸಬೇಕು. ಇದಕ್ಕಿಂತ ದೊಡ್ಡ ಸೇಡು ಅವಳಿಗೆ ಹೊಳೆಯಲಿಲ್ಲ.